ಹಿಂದಿನ ಎಂಜಿನ್

“ಯಾರೂ ನೂಕಬೇಡಿ!” ಎಂದಳು ತಿಕಿರಿ ಮೆಣಿಕೆ.

ಶವದ ವ್ಯಾನಿಗೆ ಹಿಂದಿನಿಂದ ಭುಜ ಕೊಡಲು ಬಗ್ಗಿದ್ದ ನಾಲ್ವರು ಹಾಗೆಯೇ ನಿಂತರು.

ಸ್ಮಶಾನದ ಏರಿನ ನಟ್ಟನಡುವೆ ವ್ಯಾನು ಕೆಮ್ಮಿ ನಿಂತುಹೋಗಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಒಳಗೆ ಪೆಟ್ಟಿಗೆಯಲ್ಲಿ ಅವಳ ಗಂಡ ಡಿಂಗಿರಿ ಬಂಡಾ, ಶ್ರೀಲಂಕೆಯ ನಾವಲಪಿಟಿಯ ರೈಲು ಷೆಡ್ಡಿನಲ್ಲಿ ಮೊದಲ ಡೀಸೆಲ್ ಎಂಜಿನ್ ಓಡಿಸಿದವ. ಹೆಂಗಸರು ಮನೆಯಲ್ಲೇ ಇರಲಿ ಎಂದವರ ಮಾತು ಕೇಳದೆ ಅವಳು ನಡೆದುಬಂದಿದ್ದಳು.

“ಅತ್ತೆ, ಭಿಕ್ಕುಗಳು ಮೇಲೆ ಕಾಯ್ತಿದ್ದಾರೆ,” ಎಂದ ನಾದಿನಿಯ ಮಗ ತಿಲಕಸಿರಿ.

“ಕಾಯ್ಲಿ. ಬದುಕಿರೋವರೆಗೂ ಇವರು ‘ನೂಕಿಸ್ಕೊಂಡು ಏರಿದೋನು’ ಅನ್ನಿಸ್ಕೊಂಡ್ರು. ಇವತ್ತೂ ಅದೇ ಆಗ್ಬೇಕಾ?”

ಷೆಡ್ಡಿನ ಹಳಬನೊಬ್ಬ ಮೀಸೆಯಡಿ ನಕ್ಕ. “ಅಕ್ಕ ಐವತ್ಮೂರರ ಕತೆ ಇನ್ನೂ ಬಿಟ್ಟಿಲ್ಲ ನೋಡ್ರಪ್ಪಾ.”

“ನೀವು ನಗೋದು ಬಿಟ್ಟಿದ್ದೀರಾ?”

*

ಸಾವಿರದ ಒಂಬೈನೂರ ಐವತ್ಮೂರರಲ್ಲಿ ಇಂಗ್ಲೆಂಡಿನಿಂದ ಬಂದ ಹೊಸ ಡೀಸೆಲ್‌ಗಳಿಗೆ ಬೆಟ್ಟ ಹತ್ತುವ ಪರೀಕ್ಷೆ ಇಟ್ಟಿದ್ದರು. ಹಬೆ ಎಂಜಿನ್ನಿನವರಿಗೆ ಅದು ಎಂಜಿನ್ನೇ ಅಲ್ಲ, ಗುಡುಗುಡು ಡಬ್ಬ. ಬೆಂಕಿಯಿಲ್ಲ, ಸಲಿಕೆಯಿಲ್ಲ, ಬೆವರಿಲ್ಲ. ಏರಿನಲ್ಲಿ ಸೋತರೆ ನೂಕಲಿ ಎಂದು ಗಾಡಿಯ ಹಿಂದೆ ಒಂದು ಹಬೆ ಎಂಜಿನ್ನಿಗೆ ಕೊಂಡಿ ಹಾಕಿದರು. ಅದರ ಡ್ರೈವರ್ ಯಾನ್ಸ್, ಬಂಡಾನ ಗೆಳೆಯ.

ಮೇಲಿನ ಸ್ಟೇಷನ್ನಿನಲ್ಲಿ ಬಂಡಾ ಇಳಿದವನೇ ಹೇಳಿದ: “ನಾನೊಬ್ನೇ ಎಳೆದೆ. ಹಿಂದಿಂದು ನೂಕ್ಲಿಲ್ಲ, ನೇತಾಡ್ತಿತ್ತು.”

ಯಾನ್ಸ್ ಪ್ಲಾಟ್‌ಫಾರಮ್ಮಿಗೆಲ್ಲ ಕೇಳುವಂತೆ ಕೂಗಿದ: “ನಾನಿಲ್ದಿದ್ರೆ ನಿನ್ನ ಡಬ್ಬ ಸುರಂಗದಲ್ಲೇ ಮೊಟ್ಟೆ ಇಡ್ತಿತ್ತು ಕಣೋ!”

ಎಲ್ಲರೂ ನಕ್ಕರು. ‘ನೂಕಿನ ನೆರವಿನಿಂದ’ ಎಂದು ದಾಖಲೆಯಾಯಿತು. ತಿಂಗಳೊಳಗೆ ಆ ಡೀಸೆಲ್‌ಗಳನ್ನೆಲ್ಲ ಕರಾವಳಿಯ ಸಪಾಟು ಹಳಿಗೆ ಇಳಿಸಿದರು. ಬೇರೆ ಎಂಜಿನ್ ಕೊಡುತ್ತೇವೆ ಎಂದರೂ ಒಲ್ಲೆನೆಂದು ಬಂಡಾ ಅವುಗಳ ಜೊತೆಗೇ ಇಳಿದುಹೋದ. ಅವು ಗುಜರಿಗೆ ಹೋಗುವವರೆಗೂ ಅವುಗಳನ್ನೇ ಓಡಿಸಿದ.

*

ತಿಕಿರಿ ಮೆಣಿಕೆ ಗುಂಪಿನ ಕೊನೆಗೆ ತಿರುಗಿದಳು. ಬಿಳಿ ಬಟ್ಟೆಗಳ ನಡುವೆ ಕಪ್ಪು ಟೈ ಕಟ್ಟಿ, ಕೋಲೂರಿ ನಿಂತಿದ್ದ ಯಾನ್ಸ್‌ಗೆ ಈಗ ಎಪ್ಪತ್ತೈದು.

“ಯಾನ್ಸ್ ಮಹತ್ತಯಾ, ಇವರು ಕೆಲಸ ಬಿಟ್ಟು ಬಂದ್ಮೇಲೆ ಪ್ರತಿ ಭಾನುವಾರ ನಮ್ಮನೇಲಿ ಚಹಾ ಕುಡಿದ್ರಿ. ಇವರು ಒಂದು ದಿನಾನೂ ಕೇಳ್ಲಿಲ್ಲ. ನಾನು ಕೇಳ್ತೀನಿ. ಅವತ್ತು ನೂಕಿದ್ರಾ?”

ಯಾನ್ಸ್ ಪೆಟ್ಟಿಗೆಯನ್ನು ನೋಡಿದ. ಕೆಳಗೆ ಊರಿನಾಚೆ ಗಾಡಿಯೊಂದು ಸೇತುವೆ ದಾಟುವ ಸದ್ದು ಬಂದು, ದೂರವಾಗಿ, ಮುಗಿಯಿತು.

“ಇಲ್ಲ,” ಎಂದ.

“ಗಟ್ಟಿಯಾಗಿ ಹೇಳಿ. ಷೆಡ್ಡಿನೋರಿಗೆ ಕೇಳಿಸ್ಲಿಲ್ಲ.”

“ಇಲ್ಲ! ಅವನು ಸುರಂಗದಲ್ಲಿ ನಿಂತು ಮಾನ ಕಳ್ಕೊಳ್ಲಿ ಅಂತ ಹಬೆ ಮುಚ್ಚಿಬಿಟ್ಟೆ. ಸುಮ್ನೆ ಹೊಗೆ ಬಿಟ್ಕೊಂಡು, ಸೀಟಿ ಹೊಡ್ಕೊಂಡು ಕೂತಿದ್ದೆ. ಅವನು ನಿಲ್ಲಲಿಲ್ಲ. ನನ್ನನ್ನೂ ನನ್ನ ಎಂಜಿನ್ನನ್ನೂ ಸೇರಿಸಿ ಎಳ್ಕೊಂಡು ಹೋದ.”

ಮೀಸೆಯವನು ನೆಲ ನೋಡಿದ.

“ಚಾಲೂ ಮಾಡ್ಸು,” ಎಂದಳು ಅವಳು ತಿಲಕಸಿರಿಗೆ.

“ನೂಕದೆ ಹೇಗೆ, ಅತ್ತೆ?”

“ಏರುತ್ತೆ. ಮಾಡ್ಸು.”

ಮೂರು ಸಲ ಗೊರಕೆ ಹೊಡೆದು ನಾಲ್ಕನೆಯದಕ್ಕೆ ವ್ಯಾನು ಹಿಡಿದುಕೊಂಡಿತು. ಕರಿಹೊಗೆ ಕಕ್ಕುತ್ತಾ ಗೇಣು ಮುಂದೆ ಸರಿಯಿತು, ಇನ್ನೊಂದು ಗೇಣು. ಜನ ಎರಡೂ ಬದಿಗೆ ಸರಿದು ನಿಂತರು. ಯಾನ್ಸ್ ವ್ಯಾನಿನ ಹಿಂದೆ ಎರಡು ಹೆಜ್ಜೆ ಇಟ್ಟು, ಮಂಡಿ ಹಿಡಿದುಕೊಂಡು ನಿಂತ.

ಅವಳು ಅವನ ಕೋಲು ತೆಗೆದುಕೊಂಡು ವ್ಯಾನಿನ ಹಿಂದಿನ ಕಂಬಿ ತೋರಿಸಿದಳು. “ಹಿಡ್ಕೊಳ್ಳಿ. ನೂಕ್ಬೇಡಿ, ಹಿಡ್ಕೊಳ್ಳಿ ಅಷ್ಟೆ.”

ಅವನು ಹಿಡಿದ. ಏರು ಮುಗಿಯುವವರೆಗೂ ಅವಳು ಅವನ ತೋಳುಗಳನ್ನೇ ನೋಡುತ್ತಾ ಪಕ್ಕದಲ್ಲಿ ನಡೆದಳು. ಅವು ಹಗ್ಗದ ಹಾಗೆ ಬಿಗಿದು ನೆಟ್ಟಗಿದ್ದವು. ಮೊಣಕೈ ಒಮ್ಮೆಯೂ ಮಡಚಲಿಲ್ಲ.