ತೋಡಿನ ಬಾಯಿ

"ನಿನ್ನ ಮೀನಿಗೆ ಎಂತ, ಬಾಗಿಲು ಬೇಕಾ? ಬಾಗಿಲಿಗೆ ತೋರಣವೂ ಕಟ್ಟುವುದಾ, ಬೇವರ್ಸಿ?" ಎಂದು ಗುತ್ತಿನ ಮನೆಯ ಧಣಿ ದಂಡೆಯ ಮೇಲಿನಿಂದ ಕೂಗಿದಾಗ, ಕೆಳಗೆ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದ ಕುಶಲಾಳಿಗೆ ನಗು ಬಂತು. ಬರಬಾರದ ಹೊತ್ತಿಗೆ ನಗು ಬರುವುದು ಅವಳ ಜನ್ಮಕ್ಕಂಟಿದ ರೋಗ. ಮದುವೆಯಲ್ಲೂ ನಕ್ಕಿದ್ದಳು, ಗಂಡ ಸತ್ತು ಬೊಜ್ಜ ಮಾಡಿದ ದಿನವೂ ನಕ್ಕಿದ್ದಳು.

"ನಗ್ತೀಯಾ? ಹಲ್ಲು ಉದುರಿಸ್ತೇನೆ ನೋಡು."

"ಬಾಗಿಲು ಬೇಡ ಧಣಿಗಳೇ, ಒಂದು ಕಿಂಡಿ ಸಾಕು. ನೀರೂ ಹೋಗ್ತದೆ, ಮೀನೂ ಹತ್ತುತ್ತದೆ. ಇಲ್ಲದಿದ್ದರೆ ನೆರೆ ಎಲ್ಲಾ ನಮ್ಮ ಗುಡಿಸಲಿಗೇ ಬರುವುದು, ಅಲ್ವಾ?"

"ಬರಲಿ. ನಿಮಗೂ ಮೀಯಲಿಕ್ಕೆ ಒಂದು ದಿನ ಬೇಕಲ್ಲ!"

ಗುಡ್ಡದಿಂದ ಇಳಿಯುವ ತೋಡು ಧಣಿಯ ಬೈಲಿನಲ್ಲಿ ಹರಡಿಕೊಂಡು ಶಾಂಭವಿ ಹೊಳೆ ಸೇರುವುದು ಅಜ್ಜಂದಿರ ಕಾಲದ ದಾರಿ. ಮೊದಲ ಮಳೆಗೆ ಹೊಳೆಯ ಮೀನು ಅದೇ ದಾರಿಯಲ್ಲಿ ನೀರಿಗೆದುರಾಗಿ ಹತ್ತಿ, ಮೇಲಿನ ಗದ್ದೆಗಳಲ್ಲಿ ಮೊಟ್ಟೆ ಇಡುತ್ತಿತ್ತು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು ಗೇಣಿಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ ಧಣಿಗೆ ಉಳಿದ ಗದ್ದೆ ಆ ಬೈಲೊಂದೇ. ಅದನ್ನು ಒಣಗಿಸಿ ತೆಂಗು ಹಾಕುವ ಹುಚ್ಚು ಅವನಿಗೆ ಹಿಡಿಯಿತು. ಬೈಲಿನ ತಲೆಯಲ್ಲೇ ತೋಡಿಗೆ ಅಡ್ಡ ದಂಡೆ ಕಟ್ಟಿಸಿ ನೀರನ್ನು ಬಲಕ್ಕೆ ತಿರುಗಿಸಿದ. ಬಲಕ್ಕೆ ಇದ್ದದ್ದು ಕುಶಲಾಳ ಕೇರಿ. ದಂಡೆ ಕಟ್ಟಿದವರೂ ಕೇರಿಯವರೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಒಲ್ಲೆ ಎನ್ನುವಂತಿಲ್ಲ, ಗುಡಿಸಲು ನಿಂತ ನೆಲವೂ ಧಣಿಯದ್ದೇ.

ಸಂಜೆ ಚಾ ಬಂತು. ಕೆಲಸ ಮಾಡಿಸುವ ಮೇಸ್ತ್ರಿ ಆಲ್ಫೋನ್ಸನಿಗೆ ಗ್ಲಾಸು, ಕೇರಿಯವರಿಗೆ ತೆಂಗಿನ ಗೆರಟೆ. ಧಣಿಯ ಆಳು ಮೊಳದೆತ್ತರದಿಂದ ಹುಯ್ದ. ಅರ್ಧ ಚಾ ಗೆರಟೆಗೆ, ಅರ್ಧ ಕುಶಲಾಳ ಕೈಗೆ ಬಿತ್ತು. ಕೈ ಸುಟ್ಟಿತು. ಆಗ ಮಾತ್ರ ಅವಳಿಗೆ ನಗು ಬರಲಿಲ್ಲ.

ಜೂನಿನ ಮೊದಲ ಜಡಿಮಳೆ ಹಗಲೂ ಇರುಳೂ ಹೊಯ್ದು, ಬೆಳಗಾಗುವಾಗ ಕೇರಿಯ ಒಲೆಗಳೆಲ್ಲ ನೀರಿನಡಿಯಲ್ಲಿದ್ದವು. ಕುಶಲಾಳ ಮಾವ ಮುದ್ದಣ್ಣ ಕಡೆಯುವ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಮಳೆಗೂ ಧಣಿಗೂ ಒಂದೇ ಬೈಗುಳದಲ್ಲಿ ಮಂಗಳಾರತಿ ಎತ್ತುತ್ತಿದ್ದ. ಗೋಡೆಯ ಮಣ್ಣು ಕರಗಿ ಜಾರುತ್ತಿತ್ತು. ಅಷ್ಟರಲ್ಲಿ ನಾದಿನಿ ಬೇಬಿ ಸೀರೆ ಎತ್ತಿಕಟ್ಟಿ ಓಡಿ ಬಂದಳು.

"ಅತ್ತಿಗೇ! ಮೀನು! ದಂಡೆಯ ಬುಡದಲ್ಲಿ ಮೀನು ಕುಣೀತಾ ಉಂಟು ಮಾರಾಯ್ತಿ!"

ಹೋಗಿ ನೋಡಿದರೆ ಹೌದು. ಹಳೇ ತೋಡಿನಲ್ಲಿ ಮಳೆನೀರು ಹಿಡಿದು ಬಂದ ಮುಗುಡು, ಕಿಜನ್ ಮೀನುಗಳೆಲ್ಲ ದಂಡೆಗೆ ಹಾರುತ್ತಿದ್ದವು, ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ಹೊಟ್ಟೆ ತುಂಬ ಮೊಟ್ಟೆ. ಬಿದ್ದ ಮೀನು ಎದ್ದು ಮತ್ತೆ ಹಾರುವುದನ್ನು ನೋಡುತ್ತಾ ನೋಡುತ್ತಾ ಕುಶಲಾಳಿಗೆ ನಗು ಉಕ್ಕಿತು. ಬೇಬಿಗೂ ಅಂಟಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾರೆ ತಾರೇ," ಎಂದಳು ಕುಶಲಾ.

ಕಟ್ಟಿದ ಕೈಗೆ ಕಡಿಯುವುದು ಎಷ್ಟು ಹೊತ್ತು? ಕೇರಿಯೇ ಬಂತು. ಮುದ್ದಣ್ಣನೂ ಕಲ್ಲಿನಿಂದ ಇಳಿದು ಬಂದ. ಬುಟ್ಟಿ ಹಿಡಿದು ನೀರಿಗೆ ಹಾರಿದವರಿಗೆ ದೊಣ್ಣೆ ತೋರಿಸಿದ. "ಹತ್ತುವ ಮೀನನ್ನು ಮುಟ್ಟಿದರೆ ಕಾಲು ಮುರೀತೇನೆ! ಮೊಟ್ಟೆ ಇಟ್ಟು ಇಳಿಯಲಿ, ಆಗ ಕೂಳಿ ಇಟ್ಟು ಹಿಡಿಯುವ." ಕೇರಿಯ ಕಟ್ಟಳೆ ಅದು. ಹಸಿದ ಹೊಟ್ಟೆಯಲ್ಲೂ ಯಾರೂ ಮೀರಿದವರಿಲ್ಲ.

ದಂಡೆ ಬಾಯಿ ಬಿಟ್ಟಿತು. ಕೆಂಪು ನೀರು ಭೋರೆಂದು ಹಳೇ ದಾರಿ ಹಿಡಿದು ಬೈಲಿಗೆ ನುಗ್ಗಿತು. ಅತ್ತ ಗುಡಿಸಲುಗಳ ನೀರು ಇಳಿಯತೊಡಗಿತು. ಬಾಯಿ ಅಗಲವಾಗಿ ಸೆಳೆತ ಸಣ್ಣದಾದದ್ದೇ ತಡ, ಮೀನು ಹತ್ತತೊಡಗಿದವು. ಸೊಂಟದವರೆಗಿನ ನೀರಿನಲ್ಲಿ ನಿಂತ ಹೆಂಗಸರ ಕಾಲ ಸಂದಿಯಲ್ಲಿ ನುಸುಳಿ ಕಚಗುಳಿ ಇಟ್ಟವು. ಮುಗುಡಿನ ಮುಳ್ಳು ಚುಚ್ಚಿ ಬೇಬಿ ಕಿರುಚಿದಳು, ಕಿರುಚುತ್ತಲೇ ನಕ್ಕಳು. ಅಷ್ಟು ಖುಷಿ ಕುಶಲಾಳಿಗೆ ಹುಟ್ಟಿದಂದಿನಿಂದ ಆಗಿರಲಿಲ್ಲ.

ಧಣಿ ಕೊಡೆ ಹಿಡಿದು ಆಳುಗಳ ಜೊತೆ ಓಡಿ ಬಂದ. ಆಲ್ಫೋನ್ಸನೂ ಹಿಂದೆಯೇ ಇದ್ದ.

"ನನ್ನ ತೆಂಗಿನ ಸಸಿ! ಎಳೆದು ಹಾಕಿ ಆ ರಂಡೆಯರನ್ನು! ದಂಡೆಯ ಬಾಯಿ ಮುಚ್ಚಿ!"

ಯಾರೂ ಅಲುಗಲಿಲ್ಲ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಎಳೆಯಬೇಕಾದರೆ ಮುಟ್ಟಬೇಕು.

"ಆಲ್ಫೋನ್ಸ್, ನೀನು ಇಳಿ! ನಿನಗೆ ಎಂತ ಮಡಿ?"

"ನನಗೆ ಸೊಂಟನೋವು ಉಂಟು ಧಣಿ," ಎಂದ ಆಲ್ಫೋನ್ಸ್. ಬೆಳಿಗ್ಗೆಯವರೆಗೆ ಅವನ ಸೊಂಟ ನೆಟ್ಟಗೇ ಇತ್ತು.

ಕುಶಲಾ ನೀರಿನಿಂದ ಮೇಲೆ ಬಂದಳು. ಕೆಸರು ಸೋರುವ ಕೈ ಚಾಚಿದಳು.

"ಎಳೀರಿ ಧಣಿಗಳೇ. ಕೈ ಹಿಡಿದೇ ಎಳೀರಿ."

ಧಣಿ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಒಂದು ಹೆಜ್ಜೆ ಮುಂದೆ ಹೋದಳು. ಅವನು ಇನ್ನೊಂದು ಸರಿದ, ಆಳುಗಳೂ ಸರಿದರು. ಅಯ್ಯೋ, ಇಷ್ಟು ಸುಲಭವಾ! ಇಷ್ಟು ವರ್ಷ ಈ ಕೈಯನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ತಿರುಗಿದ್ದಕ್ಕೆ ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಬೇಬಿ ಬಂದು ಕೈ ಚಾಚಿದಳು. ಮುದ್ದಣ್ಣ ಎರಡೂ ಕೈ ಚಾಚಿದ. ದಂಡೆಯ ಉದ್ದಕ್ಕೂ ಕೇರಿಯವರು ಕೈ ಚಾಚಿಕೊಂಡು ನಡೆದರು, ಗುತ್ತಿನವರು ಮುಂದೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೋದರು. ಕೊಡೆ ತೋಡಿಗೆ ಬಿದ್ದು ಹೊಳೆಯ ಕಡೆ ಹೋಯಿತು. ಹೆಕ್ಕಲು ಯಾರೂ ಬಗ್ಗಲಿಲ್ಲ.

ಗುತ್ತಿನ ಅಂಗಳದ ಬೇಲಿ ದಾಟುವ ತಡಮೆ ಬಂತು. ಕೇರಿಯ ಕಾಲು ಆ ತಡಮೆ ದಾಟಿದ್ದೇ ಇಲ್ಲ. ಧಣಿ ಒಳಗೆ ಹಾರಿ ಏದುಸಿರು ಬಿಡುತ್ತಾ ನಿಂತ.

"ಪೊಲೀಸರನ್ನು ಕರೆಸ್ತೇನೆ! ನಾಳೆಯೇ ನಿಮ್ಮ ಗುಡಿಸಲು ಕೀಳಿಸ್ತೇನೆ!"

"ಕರೆಸಿ. ಅದು ನಾಳೆಯದು," ಎಂದಳು ಕುಶಲಾ. "ಈಗ ಹೇಳಿ. ದಂಡೆಯಲ್ಲಿ ಕಿಂಡಿ ಇಡ್ತೀರಾ, ನಾನು ಒಳಗೆ ಬರಲಾ?"

ಧಣಿ ತುಳಸಿಕಟ್ಟೆ ನೋಡಿದ, ಚಾವಡಿ ನೋಡಿದ, ಅವಳ ಕೈ ನೋಡಿದ.

ಕುಶಲಾ ಸೀರೆ ಎತ್ತಿ ಹಿಡಿದು ತಡಮೆ ದಾಟಿದಳು.