ನೀರಿನ ಆಫೀಸಿಗೆ ಹೊರಟ ಮಾರಿ

ಬೇವಿನಗುಂಡಿ ಬೀದಿಯ ಭದ್ರಮ್ಮ ತುಮಕೂರಿನಲ್ಲಿ ಬಾಯಿ ತೆರೆದರೆ ಗುಬ್ಬಿಯಲ್ಲಿ ಮಲಗಿದ್ದ ಕೂಸು ಎದ್ದು ಕೂರುತ್ತಿತ್ತು, ಕುಣಿಗಲ್ ಫಾರಂನ ಕುದುರೆಗಳು ಹುಲ್ಲು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ಅಂಥ ಬಾಯಿ ನೀರಿನ ಆಫೀಸಿನವರಿಗೆ ಮಾತ್ರ ಕೇಳಿಸಲಿಲ್ಲ.

ಎಪ್ಪತ್ತೆಂಟರ ಬೇಸಿಗೆ. ಊರಲ್ಲಿ ವಾಂತಿಭೇದಿ. ಬೀದಿಯ ಕುಡಿಯೋ ನೀರಿನ ಪೈಪು ಮೋರಿಯೊಳಗೇ ಹಾದು ಅಲ್ಲೇ ಒಡೆದಿತ್ತು. ನಲ್ಲಿಯ ವಾಸನೆಗೆ ದೇವರಾಯನದುರ್ಗದ ಕೋತಿಗಳೂ ಮೂಗು ಮುಚ್ಚಿಕೊಂಡವು. ಆಫೀಸಿನವರು ಜೀಪಲ್ಲಿ ಬಂದು, ಬ್ಲೀಚಿಂಗ್ ಪೌಡರ್ ಎರಚಿ, "ನೀರು ಕಾಯಿಸಿ ಕುಡಿಯಿರಿ" ಎಂದು ಮೈಕಿನಲ್ಲಿ ಕೂಗಿ ಹೋದರು. ಪೈಪು ಹಾಗೇ ಉಳಿಯಿತು. ಭದ್ರಮ್ಮನ ಸೊಸೆ ನರಸಮ್ಮ ಆಸ್ಪತ್ರೆ ಸೇರಿ, ಹೇಗೋ ಉಳಿದಳು. "ಮನೇಲಿ ಅದೇ ನೀರಾದ್ರೆ ಕರ್ಕೊಂಡೋಗ್ಬೇಡಿ. ಇನ್ನೊಂದ್ಸಲ ಬಂದ್ರೆ ನಮ್ ಕೈಲಾಗಲ್ಲ" ಎಂದರು ಡಾಕ್ಟರು.

ಮಾರನೆಯ ಬೆಳಿಗ್ಗೆ ಭದ್ರಮ್ಮ ಮಣ್ಣಿನ ಮಾರಿ ಮಾಡಿ, ಅರಿಶಿನ ಬಳಿದು, ಸೊಪ್ಪು ಉಡಿಸಿ ಮೊರದಲ್ಲಿ ಕೂರಿಸಿದಳು. ಬೇನೆ ಬಂದಾಗ ಹಳ್ಳಿಯವರು ಹೀಗೆ ಮಾರಿಯನ್ನು ಪಕ್ಕದೂರಿನ ಗಡಿಗೆ ಸಾಗಿಸುತ್ತಿದ್ದರು. ಆ ಊರಿನವರು ಮುಂದಿನೂರಿಗೆ.

"ಯಾವೂರ್ ಗಡಿಗೆ ಭದ್ರಕ್ಕಾ?" ಸೈಕಲ್ ಶಾಪಿನ ಗುಲಾಮ್ ನಬಿ ಕೇಳಿದ.

"ನೀರಿನ ಆಫೀಸಿಗೆ ಕಣೋ. ಕ್ಯಾರಿಯರ್ ಒರೆಸು, ಅಮ್ಮ ಕೂರ್ಬೇಕು."

"ಬ್ರೇಕಿಲ್ಲ ಕಣಕ್ಕಾ ಇದಕ್ಕೆ."

"ಮಾರಿಗ್ಯಾತಕ್ಕೆ ಬ್ರೇಕು, ನಡಿ ನಡಿ."

ಆಫೀಸಿನ ಹೊಸ್ತಿಲ ಮೇಲೆ ಮೊರ ಇಳಿಯಿತು. ಹೊರಗಿದ್ದವರು ಒಳಗೆ ಹೋಗಲಿಲ್ಲ, ಒಳಗಿದ್ದವರು ಹೊರಗೆ ಬರಲಿಲ್ಲ. ಗೋಡೆಯ ಗಡಿಯಾರವೂ ಹೆದರಿ ನಿಂತಿತು. ಓವರ್‌ಸಿಯರ್ ಮೂಡಲಗಿರಿಯಪ್ಪ ಕಿಟಕಿಯಿಂದಲೇ ಕೈ ಮುಗಿದ.

"ಎತ್ಕೊಂಡೋಗಮ್ಮ, ನಿನ್ ದಮ್ಮಯ್ಯ."

"ಮಾರಿ ಬಂದ ದಾರೀಲಿ ವಾಪಸ್ ಹೋಗಲ್ಲ ಸ್ವಾಮಿ. ಮುಂದಕ್ಕೇ ಸಾಗಿಸ್ಬೇಕು. ಮುಂದೆ ಎಂಜಿನಿಯರ್ ಸಾಹೇಬ್ರ ಬಂಗ್ಲೆ ಐತೆ. ಕಳಿಸ್ಲಾ?"

"ಪೊಲೀಸ್ ಕರೆಸ್ತೀನಿ ನೋಡು."

"ಕರೆಸಿ. ಅವ್ರ ಸ್ಟೇಷನ್ನೂ ಅದೇ ದಾರೀಲೈತೆ."

ಪೊಲೀಸರು ಬರಲಿಲ್ಲ, ಬೀದಿಗೆ ಹೊಸ ಪೈಪು ಬಂತು. ನೆಲ ಅಗೆದ ರಭಸಕ್ಕೆ ಕ್ಯಾತ್ಸಂದ್ರದ ಹೋಟೆಲುಗಳಲ್ಲಿ ತಟ್ಟೆ ಇಡ್ಲಿಗಳು ಮಗುಚಿಕೊಂಡವು. ಸಂಜೆಯೊಳಗೆ ಪೈಪು ಮೋರಿಯಿಂದ ಮೇಲೆದ್ದು ಗೋಡೆ ಹಿಡಿದಿತ್ತು.

ಮೂಡಲಗಿರಿಯಪ್ಪ ತಾನೇ ನಲ್ಲಿ ತಿರುಗಿಸಿದ. "ಆಯ್ತಲ್ಲ ತಾಯಿ. ಇನ್ನಾದ್ರೂ ಆ ಮೊರ ಎತ್ತು."

ಭದ್ರಮ್ಮ ಲೋಟ ತುಂಬಿಸಿ ಅವನ ಮುಂದೆ ಹಿಡಿದಳು. "ಮೊದ್ಲು ನೀವು ಕುಡೀರಿ ಸ್ವಾಮಿ."

ಅವನು ಲೋಟ ನೋಡಿದ, ಸುತ್ತ ನಿಂತ ಬೀದಿಯನ್ನು ನೋಡಿದ, ಕಣ್ಣು ಮುಚ್ಚಿ ಕುಡಿದ.

"ಇನ್ನೊಂದು."

ಅದನ್ನೂ ಕುಡಿದ.

"ನಾಳೆ ಬೆಳಿಗ್ಗೆ ಬಂದು ಮುಖ ತೋರ್ಸಿ. ನೀವು ನೆಟ್ಟಗಿದ್ರೆ ಸೊಸೇನ ಕರ್ಕೊಂಬರ್ತೀನಿ" ಎಂದಳು ಭದ್ರಮ್ಮ. "ಅಲ್ಲೀಗಂಟ ಅಮ್ಮ ನಿಮ್ ಆಫೀಸಲ್ಲೇ ಇರ್ತಾಳೆ."