ಹನ್ನೊಂದನೆಯ ಹಸ್ತಪ್ರತಿ

"ಈ ಸಾಲು ನಿಮಗೆ ಯಾರು ಹೇಳಿದ್ದು, ಮೇಷ್ಟ್ರೇ?"

ಎರ್ಸೀಲಿಯಾ ಹಸ್ತಪ್ರತಿಯ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಮಧ್ಯಾಹ್ನವಾದರೂ ಟೊರಿನೊ ಪಟ್ಟಣದ ಮಂಜು ಕರಗಿರಲಿಲ್ಲ. ಎದುರಿಗೆ ಕೂತಿದ್ದ ಗಿಯೊಟ್ಟಿ, ಶಾಲೆಯ ಕೆಲಸ ಬಿಟ್ಟ ಲ್ಯಾಟಿನ್ ಮೇಷ್ಟ್ರು, ಕಾಫಿ ಬಟ್ಟಲನ್ನು ಕೆಳಗಿಟ್ಟರು.

ಅವಳ ಅಪ್ಪ ಕಡಲ್ಗಳ್ಳರ ಕಾದಂಬರಿಗಳಿಂದ ಇಟಲಿಯ ಮನೆಮನೆಗೂ ಗೊತ್ತಿದ್ದ ಮನುಷ್ಯ. ಜಾವಾ, ಮಲಕ್ಕಾ ಎಲ್ಲವನ್ನೂ ಈ ಮೂರನೇ ಮಹಡಿಯಲ್ಲೇ ಕೂತು ಕಂಡವನು. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಪೊ ನದಿಯ ಕಡೆ ಹೋದವನು ಹೆಣವಾಗಿ ಸಿಕ್ಕ. ಪ್ರಕಾಶಕನಿಗೆ ಪತ್ರ ಬರೆದಿಟ್ಟಿದ್ದ, ಗೆಳೆಯರಿಗೂ ಬರೆದಿಟ್ಟಿದ್ದ. ಮಗಳಿಗೆ ಒಂದು ಸಾಲೂ ಇರಲಿಲ್ಲ.

ಅವನು ಸತ್ತದ್ದು ಓದುಗರಿಗೆ ಒಪ್ಪಿಗೆಯಾಗಲಿಲ್ಲ. ಪ್ರಕಾಶಕ ಅವನ ಹೆಸರಲ್ಲೇ ಹೊಸ ಕಾದಂಬರಿಗಳನ್ನು ಮೇಷ್ಟ್ರಿಂದ ಬರೆಸತೊಡಗಿದ. ಪ್ರತಿಯೊಂದಕ್ಕೂ 'ಇದು ನಮ್ಮ ತಂದೆಯ ಕಾಗದಗಳಲ್ಲಿ ಸಿಕ್ಕಿದ್ದು' ಎಂದು ಎರ್ಸೀಲಿಯಾ ಸಹಿ ಹಾಕಬೇಕು. ಹತ್ತು ಸುಳ್ಳಿಗೆ ಹಾಕಿ ಆಗಿತ್ತು.

"ಯಾವ ಸಾಲಮ್ಮಾ? ಮತ್ತೆ ಜಾವಾ ಕಾಡಲ್ಲಿ ಒಂಟೆ ಕಟ್ಟಿಬಿಟ್ಟೆನಾ?" ಮೇಷ್ಟ್ರು ನಗಲು ನೋಡಿದರು.

ಅವಳು ನಗಲಿಲ್ಲ, ಓದಿದಳು: 'ಕಪ್ತಾನ ಬಾಗಿಲಲ್ಲಿ ನಿಂತು ಮಗಳಿಗೆ ಹೇಳಿದ, ಈ ಕಡೆ ತಿರುಗಬೇಡ ಮರೀ, ಅಂಗಿ ಸುಟ್ಟೀತು.'

"ಹಡಗಲ್ಲಿ ಇಸ್ತ್ರಿ ಯಾರು ಹಾಕ್ತಾರೆ ಮೇಷ್ಟ್ರೇ? ಅಪ್ಪ ಹೋದ ಬೆಳಿಗ್ಗೆ ಇಸ್ತ್ರಿ ಹಾಕ್ತಿದ್ದೋಳು ನಾನು. ಇದೇ ಮಾತು ಅಂದ. ನಾನು ತಿರುಗ್ಲಿಲ್ಲ. ಇದನ್ನ ಪಾದ್ರಿ ಹತ್ರಾನೂ ಬಾಯಿ ಬಿಟ್ಟಿಲ್ಲ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು.

"ಆ ಸಾಲನ್ನ ಹೊಡೆದು ಹಾಕಿದ್ದೆ ಅಮ್ಮಾ. ಮೂರು ಸಲ ಹೊಸದಾಗಿ ಬರೆದೆ, ಮೂರು ಸಲಾನೂ ಅದೇ ಬಂತು. ಕೈಯೇನೋ ನಂದೇ..." ಅವರು ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು. "ಇದೊಂದಕ್ಕೆ ಸಹಿ ಹಾಕಿಬಿಡಿ. ಇನ್ಮೇಲೆ ನಾನು ಬರೆಯೋಲ್ಲ. ಹೆದರಿಕೆ ಆಗುತ್ತೆ."

ಎರ್ಸೀಲಿಯಾಳಿಗೂ ಹೆದರಿಕೆಯಾಗಬೇಕಿತ್ತು. ಆದರೆ ಬಂದದ್ದು ಸಿಟ್ಟು, ಹನ್ನೆರಡು ವರ್ಷ ನುಂಗಿಕೊಂಡಿದ್ದ ಸಿಟ್ಟು. ಸಹಿಯ ಕಾಗದವನ್ನು ಪಕ್ಕಕ್ಕೆ ತಳ್ಳಿ, ಖಾಲಿ ಹಾಳೆಯೊಂದನ್ನು ಹಾಸಿ, ಮಸಿಯಲ್ಲಿ ಅದ್ದಿದ ಲೇಖನಿಯನ್ನು ಅವರ ಕೈಗೆ ತುರುಕಿದಳು.

"ಬೇಡಮ್ಮಾ, ದಮ್ಮಯ್ಯ."

"ನಾನು ನಿಮ್ಮನ್ನ ಕೇಳ್ತಿಲ್ಲ." ಅವಳು ಆ ಕೈಯ ಕಡೆಗೆ ಬಾಗಿದಳು. "ಅಪ್ಪಾ, ಊರಿಗೆಲ್ಲ ಬರೆದಿಟ್ಟೆ. ನನಗ್ಯಾಕೆ ಬರೀಲಿಲ್ಲ?"

ಕೆಳಗೆ ಬೀದಿಯಲ್ಲಿ ಟ್ರಾಮ್ ಹೋದ ಸದ್ದು ಕೇಳಿಸಿತು. ಆಮೇಲೆ ನಿಬ್ಬು ಕರಕರ ಎಂದಿತು. ಮೇಷ್ಟ್ರು ಕಣ್ಣರಳಿಸಿ ಅವಳ ಮುಖವನ್ನೇ ನೋಡುತ್ತಿದ್ದರು, ಕೈ ತಾನಾಗಿ ಬರೆಯುತ್ತಿತ್ತು. ಹಾಳೆ ತುಂಬುತ್ತ ಬಂದಾಗ ಎರ್ಸೀಲಿಯಾ ಇನ್ನೊಂದು ಖಾಲಿ ಹಾಳೆಯನ್ನು ಅದರ ಪಕ್ಕಕ್ಕೆ ಸರಿಸಿದಳು.